ಅರಕೆರೆಯ ಒಲೆ ಮುದುಕ

ಅರಕೆರೆಯಿಂದ ವರ್ಷಕ್ಕೊಮ್ಮೆ ಬಂದು ನಮ್ಮೂರಿನ ಬಚ್ಚಲೊಲೆಗಳನ್ನು ಸರಿಮಾಡುತ್ತಿದ್ದ ಮುದುಕನೊಬ್ಬನಿದ್ದ. ಹೊಗೆಗೂಡಿನೊಳಗೆ ತೋಳುಮಟ್ಟ ಕೈ ಹಾಕಿ ಮಸಿ ಎಳೆಯುತ್ತಾ, "ಬೆಂಕಿಗೂ ಉಸಿರು ಬೇಕು ಕಣವ್ವಾ" ಅನ್ನುತ್ತಿದ್ದ.

ನನ್ನ ಹೆಂಡತಿ ಬಾಣಂತಿಯಾಗಿದ್ದಾಗ ಅವ್ವ ಶೀತಕ್ಕೆ ಹೆದರಿ ಕೋಣೆಯ ಕಿಟಕಿಗೆ ಗೋಣಿ ತುರುಕಿ, ಒಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದಳು. ಹೆಂಡತಿ ತಲೆನೋವೆಂದು ನರಳಿದ್ದು ಕೇಳಿದ್ದೇ, ಅಂದು ನಮ್ಮ ಬಚ್ಚಲೊಲೆ ಸರಿಮಾಡುತ್ತಿದ್ದ ಮುದುಕ ಒಳಗೆ ನುಗ್ಗಿ, ಗೋಣಿ ಕಿತ್ತೆಸೆದು, ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ತಂದಿಟ್ಟ.

"ಬಾಣಂತಿ ಕ್ವಾಣೆಗೆ ನುಗ್ತೀಯಲ್ಲಾ, ಮಾನ ಇಲ್ವೇನ್ಲಾ ಮುದ್ಕ!" ಎಂದು ಅವ್ವ ಕೂಗಿದಳು.

"ಆಮ್ಯಾಕೆ ಬಯ್ಯವ್ವಾ. ಮುಚ್ಚಿದ್ ಕ್ವಾಣೇಲಿ ಕೆಂಡ ಇಟ್ರೆ ಉಸ್ರು ಕಟ್ತದೆ. ಮದ್ಲು ತಾಯಿ ಮಗೀನ ಗಾಳಿಗೆ ಕರ್ಕೊಂಡ್ ಬಾ."

ಜಗಲಿಗೆ ತಂದ ಎಷ್ಟೋ ಹೊತ್ತಿನ ಮೇಲೆ ಮಗು ಅತ್ತಿತು.

ನನ್ನ ಓದು ಮೂರನೇ ಕ್ಲಾಸು, ಕಸುಬು ಗಾರೆ ಕೆಲಸ. ನಾನು ಕಟ್ಟಿದ ಮನೆಗಳಲ್ಲಿ ಸೂರಿನಡಿ ಕಿಂಡಿಯಿಲ್ಲದ ಕೋಣೆಯೇ ಇಲ್ಲ. ಯಾರಾದರೂ ಅದಕ್ಕೆ ಗೋಣಿ ತುರುಕಿದರೆ, ಕಿತ್ತುಹಾಕಲು ಅವ್ವನೇ ಹೋಗುತ್ತಿದ್ದಳು.