ಮದುವೆಯ ಮುನ್ನಾ ರಾತ್ರಿಯ ಮಳೆ

ಉಪ್ಪು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಎಷ್ಟು ಸೌದೆ ಒಟ್ಟಿದರೂ ಹಠ ಹಿಡಿದ ಮಗುವಿನಂತೆ ಇದ್ದ ಹಾಗೇ ಇರುತ್ತದೆ. ಉಪ್ಪುಂದದ ಕಡಲಂಚಿನ ಮನೆಗಳವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೇಸಿಗೆಯ ಕೊನೆಗೆ ಬಾವಿಯ ಸಿಹಿನೀರು ತಳ ಸೇರಿದ್ದೇ ತಡ, ಸಮುದ್ರ ನೆಲದೊಳಗಿಂದಲೇ ಮೆಲ್ಲಗೆ ನಡೆದು ಬಂದು ಕೊಡಪಾನದಲ್ಲಿ ಕುಳಿತುಬಿಡುತ್ತದೆ.

ಅಂಥ ದಿನಗಳಲ್ಲೇ ಆ ಊರಿನಲ್ಲಿರುವ ನನ್ನ ತಂಗಿ ಸುಮತಿಯ ಮಗಳು ಅಶ್ವಿನಿಯ ಮದುವೆ ನಿಶ್ಚಯವಾಗಿತ್ತು. ಮಗು ಅಂಬೆಗಾಲಿಡುವಾಗಲೇ ಗಂಡನನ್ನು ಕಳೆದುಕೊಂಡ ಸುಮತಿ, ಹೊಲಿಗೆಯ ಯಂತ್ರವೊಂದನ್ನು ನೆಚ್ಚಿ ಮಗಳನ್ನು ಬೆಳೆಸಿದವಳು. ಯಾರಾದರೂ ಕೈಜೋಡಿಸಲು ಬಂದರೆ ಅವಳದ್ದು ಒಂದೇ ಉತ್ತರ: "ಬ್ಯಾಡ, ನಾನೇ ಮಾಡ್ಕಂತೆ." ಕನಿಕರದ ವಾಸನೆ ಅವಳಿಗೆ ದೂರದಿಂದಲೇ ಬಡಿಯುತ್ತಿತ್ತು. ಬ್ರಹ್ಮಾವರದಿಂದ ಹೋದ ಅಕ್ಕನಾದ ನಾನೂ ಅಲ್ಲಿ ಬರೀ ನೆಂಟಳು.

ಮದುವೆಯ ಹಿಂದಿನ ದಿನ ಬರಬೇಕಿದ್ದ ನೀರಿನ ಟ್ಯಾಂಕರ್ ದಾರಿಯಲ್ಲೇ ಕೆಟ್ಟು ನಿಂತಿತು. ಕತ್ತಲಾಯಿತು. ಅಡುಗೆಯವರು ಬಾವಿಯ ನೀರನ್ನು ನಾಲಗೆಗೆ ಹಚ್ಚಿ, "ಈ ನೀರಲ್ಲ್ ಸಾರ್ ಮಾಡ್ರೆ ಉಪ್ಪ್ ಹಾಕುದೇ ಬ್ಯಾಡ" ಎಂದು ನಕ್ಕರು; ಸುಮತಿಗೆ ನಗು ಬರಲಿಲ್ಲ. ಪಕ್ಕದ ಮನೆಯ ಗಿರಿಜಕ್ಕ ಬೇಲಿಯಾಚೆಯಿಂದ, "ನಮ್ಮಲ್ಲ್ ಕುಡುಕೆ ಹಿಡ್ದಿಟ್ಟ್ ನೀರಿತ್ತ್, ತತ್ತೆ" ಎಂದು ತಾವು ಕುಡಿಯಲು ಇಟ್ಟುಕೊಂಡ ನೀರನ್ನೇ ಕೊಡಲು ಮುಂದಾದರು. "ಬ್ಯಾಡ ಗಿರಿಜಕ್ಕ, ಎಂತಾರೂ ಮಾಡ್ತೆ" ಎಂದಳು ತಂಗಿ. ಏನು ಮಾಡುತ್ತಾಳೆಂದು ಅವಳಿಗೂ ಗೊತ್ತಿರಲಿಲ್ಲ.

ಆಗ ಬಂತು. ಮೋಡದ ಸುಳಿವಿಲ್ಲ, ಗುಡುಗಿಲ್ಲ. ಮೊದಲು ನಾವು ಅದನ್ನು ಕಡಲಿನ ಮೊರೆತವೆಂದೇ ತಿಳಿದೆವು. ಆ ಮೊರೆತ ಅಲೆಗಳನ್ನು ದಾಟಿ, ತೆಂಗಿನ ತಲೆಗಳನ್ನು ತುಳಿದು, ಅಂಗಳಕ್ಕೇ ಇಳಿದಾಗ ಕರೆಂಟು ಹೋಯಿತು. ಚಪ್ಪರದ ಬಟ್ಟೆ ಗರ್ಭಿಣಿಯ ಹೊಟ್ಟೆಯಂತೆ ಕೆಳಗಿಳಿಯಿತು, ಬಣ್ಣದ ಕಾಗದದ ಅಲಂಕಾರವೆಲ್ಲ ಕರಗಿ ಹರಿಯಿತು.

"ಎಲ್ಲ ಹೋಯ್ತಲೆ ಅಕ್ಕ" ಎನ್ನುತ್ತ ಸುಮತಿ ಮೆಟ್ಟಿಲ ಮೇಲೆ ಕುಸಿದಳು. ಅವಳು ಅಳುವುದನ್ನು ನಾನು ನೋಡದೆ ಎಷ್ಟೋ ವರ್ಷಗಳಾಗಿದ್ದವು.

ಬೇಲಿಯಾಚೆಯಿಂದ ಗಿರಿಜಕ್ಕನ ದನಿ ಮಳೆಯನ್ನೂ ಮೀರಿ ಕೇಳಿಸಿತು: "ಸುಮತೀ, ಮರ್ಕುದೆಂತಕೆ? ನೀರ್ ಮನಿ ಬಾಗ್ಲಿಗೇ ಬಂದಿತ್ತಲೆ! ಹಂಡಿ ಹೊರಗ್ ತಾ!" ಆಮೇಲೆ ಓಣಿಯ ಕಡೆ ತಿರುಗಿ, "ಹ್ವಾಯ್, ಬನಿ ಎಲ್ರೂ!"

ಅಳುವುದೇಕೆಂಬ ಆ ಮಾತಿಗೆ ಸುಮತಿ ತಲೆಯೆತ್ತಿದಳು. ನೀರಿಲ್ಲವೆಂದು ಕಂಗೆಟ್ಟವಳು ನೀರು ಬಂತೆಂದು ಅಳುತ್ತಿದ್ದಾಳೆ! ದುಃಖಕ್ಕೆ ಎಷ್ಟೋ ಸಲ ಎದುರಿಗಿರುವುದೇ ಕಾಣಿಸುವುದಿಲ್ಲ, ಅಲ್ಲವೇ? ಎದ್ದು ಬಾಡಿಗೆಯ ದೊಡ್ಡ ಹಂಡೆಗೆ ಕೈಹಾಕಿದಳು, ಅದು ಅಲುಗಲಿಲ್ಲ. ಬೇಲಿ ದಾಟಿ ಬರುತ್ತಿದ್ದ ಗಿರಿಜಕ್ಕನ ಕಡೆ ತಿರುಗಿದಳು. ನಂತರ, ಅವಳ ಬಾಯಿಂದ ನಾನೆಂದೂ ಕೇಳಿರದ ಮಾತು ಬಂತು: "ಗಿರಿಜಕ್ಕ, ಆ ಬದಿ ಹಿಡ್ಕಣಿ. ನನ್ನೊಬ್ಳಿಂದ ಆತಿಲ್ಲೆ."

ಅಷ್ಟು ಸಾಕಾಯಿತು. ಮೊಬೈಲಿನ ಬೆಳಕು ಹಿಡಿದು ಓಣಿಯೇ ಬಂತು. "ಸುರುವಿನ್ ನೀರ್ ಬ್ಯಾಡ, ಮಾಡ್ ತೊಳ್ದ್ ಹೋಯ್ಲಿ" ಎಂದರು ಗಿರಿಜಕ್ಕ. ಮಾಡಿನ ಹಂಚೆಲ್ಲ ತೊಳೆದು ತಿಳಿಯಾಗುವವರೆಗೂ ಕಾದು, ಹಂಡೆ, ಕೊಪ್ಪರಿಗೆ, ಬಕೆಟ್ಟುಗಳನ್ನು ಸೂರಂಚಿಗೆ ಒಡ್ಡಿದೆವು. ಮದರಂಗಿ ಹಚ್ಚಿದ ಕೈಗಳನ್ನು ಮೇಲೆತ್ತಿ ಹೊರಗೆ ಬಂದ ಮದುಮಗಳು ಸ್ವಲ್ಪ ಹೊತ್ತು ಯೋಚಿಸಿ, ತಾನೂ ಒಂದು ಕೊಡಪಾನ ಎತ್ತಿಕೊಂಡಳು. ಪಾತ್ರೆಗಳು ತುಂಬುವಷ್ಟು ಹೊತ್ತು ಸುರಿದು, ಮಳೆ ಬಂದಂತೆಯೇ ಹೇಳದೆ ಕೇಳದೆ ಹೋಯಿತು.

ಬೆಳಿಗ್ಗೆ ಬೇಳೆ ಬೆಣ್ಣೆಯಂತೆ ಬೆಂದಿತ್ತು. ಓಣಿಯವರು ತಂದ ಸೀರೆಗಳೇ ಚಪ್ಪರದ ಸಿಂಗಾರವಾದವು. ಆ ಮಳೆಗೆ ನಮ್ಮ ಮದುವೆಯ ಸುದ್ದಿ ತಿಳಿದಿರಲಾರದು. ಆದರೂ ಅದಕ್ಕೆ ಕೃತಜ್ಞಳಾಗದಿರಲು ನನ್ನಿಂದಾಗದು. ಅದು ತುಂಬಿಸಿ ಹೋದದ್ದು ಹಂಡೆಗಳನ್ನು ಮಾತ್ರವಲ್ಲ.

ಸಂಜೆ ಮಗಳನ್ನು ಕಳುಹಿಸಿಕೊಟ್ಟ ಮೇಲೆ ಸುಮತಿ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ನೆರೆಯ ಹೆಂಗಸರು ತನ್ನ ಅಂಗಳ ಗುಡಿಸುವುದನ್ನು ನೋಡುತ್ತಿದ್ದಳು. ಯಾರೋ ಅವಳ ಕೈಗೆ ಬಿಸಿ ಚಹಾ ಕೊಟ್ಟರು. ತೆಗೆದುಕೊಂಡಳು, ಮೆಲ್ಲಗೆ, ಕೊನೆಯ ಗುಟುಕಿನವರೆಗೂ ಕುಡಿದಳು.