ತೂಬು ಬ್ಯಾಂಡು ಯಾಕೆ ಒಡೆಯಿತು

ಬನಶಂಕರಿಯ ದರ್ಶಿನಿಗಳಲ್ಲಿ ನೆಮ್ಮದಿಯಾಗಿ ಒಂದು ಇಡ್ಲಿ ತಿನ್ನುವ ಭಾಗ್ಯ ನನಗಿಲ್ಲ. ಚಟ್ನಿಗೆ ಕೈ ಹಾಕುವಷ್ಟರಲ್ಲಿ ತಲೆ ನರೆಯಲು ಶುರುವಾದ ಯಾರಾದರೊಬ್ಬರು ಪಕ್ಕಕ್ಕೆ ಬಂದು ನಿಂತು, 'ಸಾರ್, ನೀವು ತೂಬು ಬ್ಯಾಂಡಲ್ಲಿ ಇದ್ರಲ್ವಾ? ಅದು ಯಾಕೆ ಸಾರ್ ಒಡೆದೋಯ್ತು?' ಎಂದು ಕೇಳುತ್ತಾರೆ. ನಾನು 'ಏನೋ ಸಾರ್, ಹಾಗಾಯ್ತು' ಎಂದು ಸಾಂಬಾರಿನ ಕಡೆ ನೋಡುತ್ತೇನೆ. ಹನ್ನೊಂದು ವರ್ಷದಿಂದ ಇದೇ ಉತ್ತರ. ನಿಜವಾದ ಉತ್ತರ ನನಗೆ ಚೆನ್ನಾಗಿಯೇ ಗೊತ್ತು.

ನಾವು ಮೂವರು. ಹಾಡುವವನು ಜಯನಗರದ ಶ್ರೀನಿಧಿ, ಡ್ರಮ್ಸ್ ಬಾರಿಸುವವನು ಚಿಕ್ಕಲಸಂದ್ರದ ಮುನಿರಾಜು, ಬೇಸ್ ಗಿಟಾರಿಗೆ ನಾನು. ಮುನಿರಾಜುವಿನ ತಾತ ಊರ ಕೆರೆಯ ನೀರು ಬಿಡುವ ತೂಬು ಕಾಯುತ್ತಿದ್ದವರು. ಬ್ಯಾಂಡಿನ ಹೆಸರು ಅಲ್ಲಿಂದ ಬಂತು. ಅಭ್ಯಾಸ ನಡೆಯುತ್ತಿದ್ದುದು ಅವನ ಮನೆಯ ತಾರಸಿಯ ಮೇಲೆ. ಗಣೇಶನ ಪೆಂಡಾಲುಗಳಿಂದ ಶುರುವಾಗಿ ಟೀವಿಯವರೆಗೂ ಹೋದೆವು. ನಮ್ಮ ಹಾಡಿಗೆ ಜಯನಗರದ ಅಜ್ಜಿಯರೂ ತಲೆಯಾಡಿಸಿದ್ದುಂಟು; ಅದು ಕತ್ತು ನೋವಿನಿಂದಲ್ಲವೆಂದು ನಾನು ಇಂದಿಗೂ ನಂಬಿದ್ದೇನೆ.

ಬ್ಯಾಂಡು ಒಡೆದ ಮೇಲೆ ಜನ ತಮಗೆ ತೋಚಿದ ಕಾರಣಗಳನ್ನು ಹುಡುಕಿಕೊಂಡರು. ಒಬ್ಬರ ಪ್ರಕಾರ ಹೆಣ್ಣು, ಇನ್ನೊಬ್ಬರ ಪ್ರಕಾರ ಅಹಂಕಾರ, ಪತ್ರಿಕೆಯವರ ಪ್ರಕಾರ ಸಂಗೀತದ ದೃಷ್ಟಿಕೋನದಲ್ಲಿನ ಭಿನ್ನತೆ. ನಮಗೆ ಅಂಥ ದೃಷ್ಟಿಕೋನವೊಂದಿತ್ತು ಎಂದು ನನಗೆ ಗೊತ್ತಾದದ್ದೇ ಅದನ್ನು ಓದಿದಾಗ. ನನ್ನನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ. ಬೇಸ್ ಗಿಟಾರಿನವನು ವೇದಿಕೆಯ ಮೇಲಿದ್ದಾನೆಂಬುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ನಡೆದದ್ದು ಇಷ್ಟು. ಶ್ರೀನಿಧಿ ಜೆ.ಪಿ. ನಗರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡ. ಕರೆಯಬೇಕಾದ ಮನೆಗಳ ಪಟ್ಟಿ ಉದ್ದವಿತ್ತು. ನಾನಿದ್ದದ್ದು ಚಿಕ್ಕಲಸಂದ್ರದ ಪಕ್ಕದ ಉತ್ತರಹಳ್ಳಿಯಲ್ಲಿ. ನನ್ನ ಕೈಗೆ ಆಹ್ವಾನ ಪತ್ರಿಕೆಯೊಂದನ್ನು ಕೊಟ್ಟು, ಮುನಿರಾಜು ಮನೆಗೆ ನೀನೇ ಹೋಗಿ ನನ್ನ ಪರವಾಗಿ ಕರೆದುಬಿಡು, ಅವನ ತಾಯಿಗೆ ನಾನೇ ಆಮೇಲೆ ಫೋನ್ ಮಾಡುತ್ತೇನೆ ಎಂದ. ಪತ್ರಿಕೆಯ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿತ್ತು. ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿ ರೇನ್‌ಕೋಟಿನ ಕೆಳಗಿಟ್ಟೆ. ನಾಳೆ, ನಾಡಿದ್ದು, ಭಾನುವಾರ ಅನ್ನುತ್ತ ಮೂರು ವಾರ ಕಳೆದೆ. ಗೃಹಪ್ರವೇಶದ ಹಿಂದಿನ ದಿನ ನೆನಪಾಗಿ, ಅದರ ಫೋಟೊ ಹೊಡೆದು ನಮ್ಮ ಬ್ಯಾಂಡಿನ ವಾಟ್ಸಾಪ್ ಗುಂಪಿಗೆ ಹಾಕಿ ಕೈತೊಳೆದುಕೊಂಡೆ. ಶ್ರೀನಿಧಿ ಆ ಗಡಿಬಿಡಿಯಲ್ಲಿ ಗುಂಪನ್ನೂ ನೋಡಲಿಲ್ಲ, ಫೋನನ್ನೂ ಮಾಡಲಿಲ್ಲ.

ಕರೆಯುವುದೆಂದರೆ ನಮ್ಮಲ್ಲಿ ಸಣ್ಣ ವಿಷಯವಲ್ಲ. ಮನೆಗೆ ಹೋಗಬೇಕು, ಹೆಂಗಸರಿಗೆ ಕುಂಕುಮ ಕೊಡಬೇಕು, 'ಎಲ್ರೂ ಬರಲೇಬೇಕು' ಎಂದು ಎರಡು ಸಲ ಹೇಳಬೇಕು, ಕಾಫಿ ಬೇಡ ಬೇಡ ಎನ್ನುತ್ತಲೇ ಕುಡಿದು ಏಳಬೇಕು. ಶುಭಕಾರ್ಯಕ್ಕೆ ಮೊದಲು ನಾಂದಿ ಮಾಡಿ ತೀರಿಕೊಂಡ ಹಿರಿಯರನ್ನೂ ಹೆಸರು ಹಿಡಿದು ಕರೆಯುವ ಶಾಸ್ತ್ರವಿದೆ. ಸತ್ತವರಿಗೇ ಇಷ್ಟು ಮರ್ಯಾದೆ ಇರುವಾಗ, ಎರಡು ಕಿಲೋಮೀಟರ್ ದೂರದಲ್ಲಿ ಬದುಕಿರುವ ಡ್ರಮ್ಮರ್‌ಗೆ ನಾನು ಕಳಿಸಿದ್ದು ಒಂದು ಮಸುಕು ಫೋಟೊ.

ಮನೆ ಬಾಗಿಲಿಗೆ ಬಂದು ಕರೆಯಲಿಲ್ಲವೆಂದು ಅವನ ತಾಯಿ ಹೋಗುವುದು ಬೇಡವೆಂದರು. ಮುನಿರಾಜು ಗೃಹಪ್ರವೇಶಕ್ಕೆ ಬರಲಿಲ್ಲ. ಊಟದ ಪಂಕ್ತಿಯಲ್ಲಿ ಶ್ರೀನಿಧಿ ನನ್ನ ಪಕ್ಕ ಬಗ್ಗಿ, ಅವರ ಮನೆಗೆ ಹೋಗಿ ಕರೆದೆ ತಾನೆ ಎಂದು ಕೇಳಿದ. ಬಾಯಲ್ಲಿ ಒಬ್ಬಟ್ಟಿತ್ತು. ಹ್ಞೂಂ ಎಂದುಬಿಟ್ಟೆ.

ಆ ಒಂದು ಹ್ಞೂಂ ಸಾಕಾಯಿತು. ಕರೆದರೂ ಬರಲಿಲ್ಲ ಎಂದು ಇವನು, ಕರೆಯಲೇ ಇಲ್ಲ ಎಂದು ಅವನು. ಶ್ರೀನಿಧಿ ತಾರಸಿಗೆ ಬರುವುದನ್ನು ನಿಲ್ಲಿಸಿದ, ಮುನಿರಾಜು ಡ್ರಮ್ಸ್ ಮುಟ್ಟುವುದನ್ನು. ತಾನಾಗಿಯೇ ಸರಿಹೋಗುತ್ತದೆ ಎಂದು ನಾನು ಸುಮ್ಮನಿದ್ದೆ. ಅರ್ಧ ಮುಗಿದಿದ್ದ ಆಲ್ಬಂ ಅರ್ಧಕ್ಕೇ ನಿಂತಿತು. ಶ್ರೀನಿಧಿ ಹಾಡುವುದನ್ನೇ ಬಿಟ್ಟ. ನಾನು ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಬ್ಯಾಂಡಿನಲ್ಲಿದ್ದಾಗ ಹೇಗೋ ಹಾಗೆಯೇ, ಕ್ಲಾಸಿನಲ್ಲೂ ನನ್ನನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಹೋದ ತಿಂಗಳು ಯಾರೋ ನಮ್ಮ ಬಗ್ಗೆ ಒಂದು ಗಂಟೆಯ ವಿಡಿಯೊ ಮಾಡಿ ಹಾಕಿದ್ದಾರೆ. ಬಾಡಿಗೆ ಬರುವ ಮನೆಗಳಿರುವ ಮುನಿರಾಜುವಿಗೆ ಸಂಗೀತ ಯಾಕೆ ಬೇಕು, ಅವನ ಕೊಬ್ಬಿನಿಂದಲೇ ಬ್ಯಾಂಡು ಹಾಳಾಯಿತು ಎಂಬುದು ಅದರ ತೀರ್ಪು. ಕೆಳಗೆ ಜನ ಅವನನ್ನು ಬಾಯಿಗೆ ಬಂದಂತೆ ಬೈದಿದ್ದಾರೆ. ಪೂರ್ತಿ ನೋಡಿದೆ. ಶ್ರೀನಿಧಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು, ಈಗ ಹೇಳಿ ಏನು ಪ್ರಯೋಜನ ಎಂದು ಇಟ್ಟುಬಿಟ್ಟ. ಮರುದಿನ ಭಾನುವಾರ ಬೆಳಿಗ್ಗೆ ಚಿಕ್ಕಲಸಂದ್ರಕ್ಕೆ ಹೋದೆ. ಹನ್ನೊಂದು ವರ್ಷ ಹೋಗಲಾಗದ ದಾರಿ ಎಂಟು ನಿಮಿಷ ಹಿಡಿಯಿತು.

ಆ ಮನೆಯಲ್ಲಿ ನಾನು ಮುಂಬಾಗಿಲಲ್ಲಿ ಕೂತವನೇ ಅಲ್ಲ. ನೇರ ಅಡುಗೆಮನೆಗೆ ನುಗ್ಗಿ, ಅವನ ತಾಯಿ ಕೊಟ್ಟ ಮುದ್ದೆ ನುಂಗಿ ತಾರಸಿಗೆ ಹತ್ತುತ್ತಿದ್ದವನು. ಈಗ ಹಾಲ್‌ನಲ್ಲಿ ಸೋಫಾ ತೋರಿಸಿದರು. ಗೋಡೆಯ ಮೇಲೆ ಅವನ ತಾಯಿಯ ಫೋಟೊ ಇತ್ತು, ಅದಕ್ಕೆ ಗಂಧದ ಹಾರ. ಆ ಸುದ್ದಿಯೂ ನನಗೆ ಗೊತ್ತಿರಲಿಲ್ಲ. ಅವನ ಹೆಂಡತಿ ಟ್ರೇಯಲ್ಲಿ ಕಾಫಿ ತಂದು, ಸಕ್ಕರೆ ಸಾಕಾ ಎಂದು ಕೇಳಿದರು.

ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಡಿಕ್ಕಿ, ಫೋಟೊ, ಹ್ಞೂಂ, ಯಾವುದನ್ನೂ ಬಿಡಲಿಲ್ಲ. ಅವನು ಬೈಯುತ್ತಾನೆ, ಬೈದರೆ ಬದುಕಿದೆ ಎಂದುಕೊಂಡಿದ್ದೆ. ಮುನಿರಾಜು ಕಾಫಿ ಮುಗಿಸಿ ಲೋಟ ಕೆಳಗಿಟ್ಟ.

'ಕಾರ್ಡ್ ವಿಷ್ಯ ಬಿಡು. ಅಮ್ಮ ಎರಡು ದಿನ ಬೇಜಾರು ಮಾಡ್ಕೊಂಡ್ರು, ಆಮೇಲೆ ಅವ್ರೇ ಮರೆತ್ರು. ನೀನು ಇಲ್ಲೇ ಪಕ್ಕದಲ್ಲೇ ಇದ್ದಲ್ಲ. ಒಂದ್ಸಲ ಬಂದು ಯಾಕೋ ಬರ್ಲಿಲ್ಲ ಅಂತ ಬೈದಿದ್ರೆ ಸಾಕಿತ್ತು, ನಿನ್ ಜೊತೆ ಎದ್ದು ಬರ್ತಿದ್ದೆ.'

ಬ್ಯಾಂಡು ಒಡೆದದ್ದು ಒಂದು ಆಹ್ವಾನ ಪತ್ರಿಕೆಯಿಂದ ಎಂದು ಇಷ್ಟು ವರ್ಷ ತಪ್ಪೊಪ್ಪಿಗೆಯನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ನನ್ನ ಅಪರಾಧವೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಡ್ರಮ್ಸ್ ಏನಾಯಿತು ಎಂದು ಕೇಳಿದೆ. ಯಾರಿಗೋ ಕೊಟ್ಟೆ, ತಾರಸಿ ಮೇಲೆ ಈಗ ಬಾಡಿಗೆಯವರಿದ್ದಾರೆ ಎಂದ. ಮಾತು ಅಲ್ಲಿಂದ ಮೆಟ್ರೋಗೆ, ಮೆಟ್ರೋದಿಂದ ನೀರಿನ ಟ್ಯಾಂಕರಿಗೆ ಹೋಯಿತು.

ಹೊರಟೆ. ಹಿಂದೆ ನಾನು ಆ ಮನೆಯಿಂದ ಯಾವಾಗ ಬಂದೆ, ಯಾವಾಗ ಹೋದೆ ಎಂದು ಯಾರೂ ಗಮನಿಸುತ್ತಿರಲಿಲ್ಲ. ಈಗ ಮುನಿರಾಜು ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೂ ಬಂದ. ನಾನು ಸ್ಕೂಟರ್ ತಿರುಗಿಸಿಕೊಳ್ಳುವವರೆಗೂ ನಿಂತಿದ್ದು, 'ಬರ್ತಾ ಇರು' ಎಂದು ಬಹಳ ಮರ್ಯಾದೆಯಿಂದ ಕಳಿಸಿಕೊಟ್ಟ.