ಗುಡ್ಲಿನ ಮುಂದೆ ನಿಂತ ರಾಣಿ

ಹೋದ ವಾರ ಮಳವಳ್ಳಿಯಲ್ಲಿ ನನ್ನ ಕಿರಿಮಗಳ ಗಂಡುಮಗುವಿಗೆ ಹೆಸರಿಟ್ಟರು. ನನಗೆ ಏಳನೆಯ ಮೊಮ್ಮಗು ಅದು. ಎತ್ತಿಕೊಂಡರೆ ನನ್ನ ಮೂಗನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಮನಸ್ಸೇ ಬರುವುದಿಲ್ಲ. ಆ ಸಂತೋಷವೇ ಹೊರಲಾರದಷ್ಟಿತ್ತು. ಅದರ ಮೇಲೆ ಅದೇ ದಿನ ಊಟದ ಪಂಕ್ತಿಯಲ್ಲಿ ಇನ್ನೊಂದು ಮಾತು ಕಿವಿಗೆ ಬಿತ್ತು. ಅಂದಿನಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ, ಹೇಳಿ ಮುಗಿಯುತ್ತಿಲ್ಲ. ಓದಿದ್ದು ಮೂರನೇ ಕ್ಲಾಸು. ಆದರೂ ಮೊಮ್ಮಗಳ ನೋಟ್‌ಬುಕ್ಕು ಕಿತ್ತುಕೊಂಡು ಬರೆಯಲು ಕೂತಿದ್ದೇನೆ.

ಮಾತು ನನ್ನ ಅಣ್ಣನದು. ಇಪ್ಪತ್ತೊಂದು ತುಂಬುವ ಮೊದಲೇ ಹೋದವನು. ನಮ್ಮೂರ ನಾಟಕದಲ್ಲಿ ರಾಣಿಯ ಪಾರ್ಟು ಮಾಡಿದ್ದ. ಊರಿಗೆ ಊರೇ ಅದನ್ನು ನೋಡಿತು, ನಾನೊಬ್ಬಳು ನೋಡಲಿಲ್ಲ. ಮದುವೆಯಾದೆ, ಮಕ್ಕಳನ್ನು ಹೆತ್ತೆ, ಅವರ ಮದುವೆ ಮಾಡಿದೆ. ಈ ಐವತ್ತು ವರ್ಷದಲ್ಲಿ ಆ ಕೊರತೆ ಮಾತ್ರ ಒಂದು ದಿನವೂ ನನ್ನನ್ನು ಬಿಟ್ಟಿರಲಿಲ್ಲ.

ಮದ್ದೂರಿನ ಕಡೆಯ ಊರು ನಮ್ಮದು. ಅದು ಎರಡನೇ ಮಹಾಯುದ್ಧದ ಕಾಲ. ಅಣ್ಣ ಸ್ಕೂಲಿನ ಮುಖ ಕಂಡವನಲ್ಲ. ನಾಟಕದ ಮೇಷ್ಟ್ರು ಬರೆದುಕೊಟ್ಟ ಹಾಳೆಗಳನ್ನು ನಾನೇ ಅವನಿಗೆ ಓದಿ ಹೇಳಬೇಕಿತ್ತು. ಅವನು ಗದ್ದೆಗೆ ನೀರು ಕಟ್ಟುವಾಗ ನಾನು ಬದುವಿನ ಮೇಲೆ ಕೂತು ಓದುತ್ತಿದ್ದೆ. ಅವನು ಗುದ್ದಲಿ ಹಿಡಿದುಕೊಂಡೇ ಹೆಣ್ಣುದನಿಯಲ್ಲಿ ಹೇಳುತ್ತಿದ್ದ. ಹೆಣ್ಣಿನ ನಡಿಗೆ ಕಲಿಯಲು ಅವ್ವನ ಬಿಂದಿಗೆ ಸೊಂಟಕ್ಕಿಟ್ಟು ನೀರು ತರುತ್ತಿದ್ದ. ಅವ್ವ ಅವನನ್ನು ನೋಡಿ, "ಇನ್ನು ಸೊಸೆ ಉಡುಕೋದು ಬ್ಯಾಡ ಬುಡು, ಮನೇಲೇ ಒಬ್ಳು ತಯಾರಾದ್ಲು," ಅನ್ನುತ್ತಿದ್ದಳು.

ಕೊನೆಯ ಸೀನಿನಲ್ಲಿ ರಾಣಿ ಅರಮನೆ ಬಿಟ್ಟು ಕಾಡಿಗೆ ಹೊರಡುತ್ತಾಳೆ. ಕಂಬ, ಬಾಗಿಲು, ಸಾಕಿದ ಗಿಳಿ, ಒಂದೊಂದಕ್ಕೂ ಹೋಗಿ ಬರುತ್ತೇನೆ ಎಂದು ಹೇಳುತ್ತಾಳೆ. ಅದನ್ನು ಏರುದನಿಯಲ್ಲಿ ಹೇಳಬೇಕು. ತಾಲೀಮಿನಲ್ಲಿ ಅಣ್ಣ ದನಿ ಎತ್ತಿದರೆ ಸಾಕು, ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿಬಿಡುತ್ತಿದ್ದರಂತೆ. "ಬೆಳ್ಳೂರು ಕೊಕ್ರೆ ಮರಿ ಅರಚ್ದಂಗೆ ಈಗ್ಲೇ ಅರಚಬ್ಯಾಡ ಕಣ್ಲಾ. ಗಂಟ್ಲ ಕಾಯ್ಕೊ. ಕೊನೇ ಸೀನು ನಿನ್ ಗಂಟ್ಲ ಮ್ಯಾಲೇ ನಿಂತದೆ," ಅನ್ನುತ್ತಿದ್ದರಂತೆ. ಅಣ್ಣ ಮನೆಗೆ ಬಂದು ಮೇಷ್ಟ್ರ ಥರವೇ ಮೂಗು ಹಿಂಡಿಕೊಂಡು ಅದನ್ನು ಆಡಿ ತೋರಿಸುತ್ತಿದ್ದ.

ಗ್ಯಾಸ್‌ಲೈಟಿಗೆ ಸೀಮೆಎಣ್ಣೆ ಸಿಗದ ವರ್ಷ ಅದು. ಹಗಲಲ್ಲೇ ಆಡುವುದೆಂದು ಊರವರು ತೀರ್ಮಾನಿಸಿದರು, ಕೆರೆ ಪಕ್ಕ ಗರಿಯ ಚಪ್ಪರ ಹಾಕಿದರು. ನಾಟಕಕ್ಕೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ ನಾನು ದೊಡ್ಡವಳಾದೆ. ಸೋದರಮಾವ ಹಸಿರು ಸೊಪ್ಪು ಕಡಿದು ತಂದು ಅಂಗಳದ ಮೂಲೆಯಲ್ಲಿ ಗುಡ್ಲು ಹಾಕಿದ. ಶಾಸ್ತ್ರ ಮುಗಿಯುವ ತನಕ ಅದರೊಳಗೇ ಕೂತಿರಬೇಕು, ಗಂಡಸರ ಕಣ್ಣಿಗೆ ಬೀಳಬಾರದು. ನಾನು ಅತ್ತ ಅಳು ಅಷ್ಟಿಷ್ಟಲ್ಲ. ತಿನ್ನಲು ಕೊಟ್ಟ ಎಳ್ಳಿನ ಚಿಗಳಿ ಉಂಡೆಯನ್ನು ಎಸೆದೆ.

"ಸುಮ್ಕಿರೇ," ಎಂದು ಅಜ್ಜಿ ಗದರಿದಳು. "ನಾಟ್ಕ ಬರೋ ವರ್ಷನೂ ಆಡ್ತಾರೆ. ಇದು ಒಂದೇ ಸಲ ಆಗೋದು."

ನಾಟಕದ ದಿನ ಮನೆಯವರೆಲ್ಲ ಮಧ್ಯಾಹ್ನವೇ ಕೆರೆ ಹತ್ತಿರ ಹೋದರು. ನನ್ನ ಕಾವಲಿಗೆ ಅಜ್ಜಿ ಉಳಿದಳು. ದೂರದಲ್ಲಿ ಹಾರ್ಮೋನಿಯಂ ಶ್ರುತಿ ಹಿಡಿಯುವುದು ಕೇಳುತ್ತಿತ್ತು. ಆಗ ಹುಲ್ಲಿನ ಮೆದೆಯ ಹಿಂದಿನಿಂದ ಒಬ್ಬ ಹೆಂಗಸು ಬಂದಳು. ಅವ್ವನ ಹಸಿರು ಸೀರೆ, ಸೊಂಟಕ್ಕೆ ಚಿಕ್ಕಮ್ಮನ ಡಾಬು, ಮುಖದ ತುಂಬ ಬಣ್ಣ. ಸೀರೆಯ ಅಂಚಿನ ಕೆಳಗೆ ಒಡೆದ ಹಿಮ್ಮಡಿ ಕಂಡಿತು, ಗದ್ದೆ ತುಳಿದ ಕಾಲು. ಅಣ್ಣ!

ಅಜ್ಜಿ ಎದ್ದು ಕೈ ಅಡ್ಡ ಹಿಡಿದಳು. "ಲೇ ಲೇ! ಬಣ್ಣ ಅಚ್ಕಂಡು ಗುಡ್ಲತ್ರ ಬತ್ತಾ ಇದೀಯಲ್ಲೋ! ಗಂಡಸ್ರು ಬರ್ಬಾರ್ದು ಕಣ್ಲಾ, ಕೇಡಾಯ್ತದೆ!"

"ಎಲ್ಲವ್ರೆ ಗಂಡಸ್ರು? ನಾನು ರಾಣಿ ಕಣಜ್ಜಿ. ದಾರಿ ಬುಡು."

ಅಜ್ಜಿಗೆ ನಗು ತಡೆಯಲಾಗಲಿಲ್ಲ, ಬಾಯಲ್ಲಿದ್ದ ಎಲೆಅಡಿಕೆ ಸೀರೆ ಮೇಲೆ ಬಿತ್ತು. ಗೋಡೆ ಕಡೆ ತಿರುಗಿ ಕೂತು, "ನಾನಂತೂ ಏನೂ ನೋಡ್ನಿಲ್ಲ ಕಣಪ್ಪ," ಎಂದಳು.

ಅಣ್ಣ ಸೊಪ್ಪು ಸರಿಸಿ ಬಗ್ಗಿದ. "ಬಿರ್‍ನೆ ಯೋಳವ್ವ, ಯಾವ ಸೀನು ಬೇಕು?"

"ಕೊನೇದು."

"ಕೊನೇದಾ! ಮೇಷ್ಟ್ರು ನನ್ನ ಸಿಗ್ದಾಕ್ತಾರೆ ಕಣೇ."

"ಅಂಗಾರೆ ಓಗು."

ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಸೆರಗು ಬಿಗಿದು ಅಂಗಳದ ನಡುವೆ ಹೋಗಿ ನಿಂತ. ಅರಮನೆ ಕಂಬ ಎಲ್ಲಿಂದ ಬರಬೇಕು? ಕೊಟ್ಟಿಗೆಯ ಕಂಬವನ್ನೇ ತಬ್ಬಿಕೊಂಡು, "ಕಂಬವೇ, ಹೋಗಿ ಬರುತ್ತೇನೆ," ಎಂದ. ಕಲಗಚ್ಚಿನ ಬಾನಿಗೆ ಹೇಳಿದ, ಒರಳಿಗೆ ಹೇಳಿದ. ಗಿಳಿಯ ಬದಲು ಕಾವು ಕೂತಿದ್ದ ಕೋಳಿಗೆ ಹೇಳಿದಾಗ ಅದು ಕೊಕ್ಕೋ ಎಂದು ಎದ್ದು ಹಾರಿತು, ನಾನು ಬಿದ್ದು ಬಿದ್ದು ನಕ್ಕೆ. ಅವನು ನಗಲಿಲ್ಲ. ಉರಿಬಿಸಿಲಲ್ಲಿ ನಿಂತು, ಇದ್ದಬದ್ದ ಗಂಟಲನ್ನೆಲ್ಲ ಬಿಟ್ಟು ಹೇಳಿದ. ಕೊನೆಗೆ ಗುಡ್ಲಿನ ಮುಂದೆ ಬಂದು, "ಸಖಿ, ನಿನ್ನನ್ನು ಯಾರ ಕೈಗೆ ಒಪ್ಪಿಸಿ ಹೋಗಲಿ?" ಎಂದ. ನನ್ನ ನಗು ನಿಂತಿತು. ನಾನೇ ಓದಿ ಕಲಿಸಿದ ಮಾತು, ಆದರೆ ಅದು ಹೀಗಿದೆ ಎಂದು ನನಗೇ ಗೊತ್ತಿರಲಿಲ್ಲ.

ಕೆರೆ ಕಡೆಯಿಂದ ಯಾರೋ ಕೂಗಿದರು. ಅಣ್ಣ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಓಡಿದ.

ಸಂಜೆ ಬಂದವರ ಬಾಯಲ್ಲೆಲ್ಲ ಕೊನೆಯ ಸೀನಿನದೇ ಮಾತು. ಎಲ್ಲರೂ ಅತ್ತು ಕಣ್ಣು ಕೆಂಪಾಗಿಸಿಕೊಂಡಿದ್ದರು. ನನಗೆ ಹೊಟ್ಟೆ ಉರಿದುಹೋಯಿತು. ಇವರಿಗೆ ನಿಜವಾದ ಸೀನು ಸಿಕ್ಕಿತು, ನನಗೆ ಕೋಳಿ, ಬಾನಿ ಎಂದುಕೊಂಡೆ. "ಬರೋ ವರ್ಷ ಮುಂದ್ಗಡೆ ಚಾಪೇಲೇ ಕೂರುಸ್ತೀನಿ ಬುಡು," ಎಂದು ಅಣ್ಣ ಗುಡ್ಲಿನ ಆಚೆಯಿಂದ ಪಿಸುದನಿಯಲ್ಲೇ ಸಮಾಧಾನ ಮಾಡಿದ.

ಮಳೆ ಹಿಡಿಯಿತು. ನಾಲೆ ನೀರು ಬಂದಾಗಿನಿಂದ ನಮ್ಮ ಕಡೆ ಚಳಿಜ್ವರವೂ ಬಂದು ಸೇರಿಕೊಂಡಿತ್ತು. ಅಣ್ಣನನ್ನು ಅದು ಒಂಬತ್ತು ದಿನ ನಡುಗಿಸಿ ಕರೆದುಕೊಂಡು ಹೋಯಿತು. ಅಜ್ಜಿ, "ಬಣ್ಣದಾಗೆ ಗುಡ್ಲತ್ರ ಬಂದ, ನಾನೇ ಬುಟ್ಟೆ," ಎಂದು ಎದೆ ಬಡಿದುಕೊಂಡಳು. ಅವ್ವ ಕಣ್ಣೀರಲ್ಲೇ ಅವಳನ್ನು ತಡೆದಳು. "ಕೆಳಗ್ಲ ಕೇರೀಲಿ ಮೂವರು ಓದ್ರಲ್ಲ ಅತ್ತೆ, ಅವ್ರೂ ಬಣ್ಣ ಅಚ್ಕಂಡಿದ್ರಾ? ಮಗೀನ ಮುಂದೆ ಆ ಮಾತಾಡ್ಬ್ಯಾಡಿ."

ಅವನದೊಂದು ಫೋಟೋ ಕೂಡ ಇಲ್ಲ. ಹಾಗಾಗಿ ಮದ್ದೂರು ಸಂತೆಯಲ್ಲಿ, ಬಸ್ಸಿನಲ್ಲಿ, ತವರಿನವರು ಎಲ್ಲಿ ಸಿಕ್ಕರೂ ಕೇಳುತ್ತಿದ್ದೆ, ಆ ಕೊನೆಯ ಸೀನನ್ನು ಅವನು ಹೇಗೆ ಹೇಳಿದ ಎಂದು. "ಅಯ್ಯೋ, ಅದ ಯೋಳಕ್ಕಾಯ್ತದಾ," ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಒಬ್ಬರ ಬಾಯಿಂದಲೂ ಆ ಸೀನಿನ ಒಂದು ಮಾತು ಹೊರಡುತ್ತಿರಲಿಲ್ಲ. ಮರೆತಿದ್ದಾರೆ ಎಂದುಕೊಂಡಿದ್ದೆ.

ಹೋದ ವಾರ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಬೀಗರ ಕಡೆಯ ಒಬ್ಬ ಮುದುಕರು. ಮಾತಿಗೆ ಮಾತು ಬಂದು ನೋಡಿದರೆ, ಹೊರಗಿನಿಂದ ಬಂದು ನಮ್ಮೂರ ನಾಟಕದಲ್ಲಿ ರಾಜನ ಪಾರ್ಟು ಮಾಡಿದವರು ಅವರೇ! ನಾನು ರಾಣಿಯ ತಂಗಿ ಎಂದೊಡನೆ ಕೈಯಲ್ಲಿದ್ದ ಹೋಳಿಗೆ ಬಿಟ್ಟರು. ನಾನು ಅದೇ ಪ್ರಶ್ನೆ ಕೇಳಿದೆ.

"ಎಲ್ಲಿ ಯೋಳ್ದ ಕಣವ್ವ? ಗಂಟ್ಲೇ ಕಟ್ಕಂಡೋಯ್ತು. ಬಾಯ್ ಬುಟ್ರೆ ಬರೀ ಗಾಳಿ. ಪರದೆ ಇಂದೆ ಮೇಷ್ಟ್ರು ತಲೆ ಚಚ್ಕಂಡ್ರು. ಇವ್ನು ಸುಮ್ನೆ ಒಂದೊಂದ್ ಕಂಬಾನೂ ಮುಟ್ಟಿ ಮುಟ್ಟಿ ನಡೆದ. ದುಃಖಕ್ಕೆ ಮಾತು ನಿಂತೋಯ್ತು ಅನ್ಕಂಡು ಜನ ಗೊಳೋ ಅಂತ ಅತ್ರು. ನಾವೂ ಬಾಯ್ಬುಡ್ನಿಲ್ಲ. ಆಮ್ಯಾಕೆ ಮೇಷ್ಟ್ರು, ಎಲ್ಲೋ ಕಳಕೊಂಡೆ ಗಂಟ್ಲ ಅಂತ ಕೇಳುದ್ರು. ಇವ್ನು, ನಮ್ಮನೇಲಿ ಬುಟ್ಬಂದೆ ಅಂತ ನಕ್ಕ. ಅದೇನು ಅಂತ ನಂಗಿನ್ನೂ ತಿಳೀನಿಲ್ಲ."

ನನಗೆ ತಿಳಿಯಿತು. ಎಲೆಯ ಮುಂದೆಯೇ ನಗು ಬಂತು, ಅಳು ಬಂತು, ಎರಡನ್ನೂ ತಡೆಯಲಾಗಲಿಲ್ಲ. ಗುಡ್ಲಿನ ಕಥೆ ಹೇಳಿದೆ. ಅವರು ಎಲೆ ಬಿಟ್ಟು ನನ್ನ ಕಡೆ ತಿರುಗಿ, "ತಾಲೀಮ್ನಾಗೂ ನಮ್ಗೆ ಅವನ ಪೂರಾ ದನಿ ಕೇಳಕ್ಕೆ ಸಿಗ್ನಿಲ್ಲ. ನೀನಾದ್ರೂ ಯೋಳು ತಾಯಿ, ಎಂಗಿತ್ತು?" ಎಂದರು.

ಬಡಿಸುವವರು ಎಲೆ ಎತ್ತಲು ನಿಂತಿದ್ದರು. ನಾನು ಒಂದು ಮಾತೂ ಬಿಡದೆ ಹೇಳಿದೆ. ಮಾತುಗಳೆಲ್ಲ ಬಂದವು, ಆ ದನಿ ಬರಲಿಲ್ಲ. ಅದು ನನ್ನ ಕಿವಿಯಲ್ಲಿದೆ, ಅಲ್ಲಿಂದ ತೆಗೆದು ಯಾರಿಗೂ ಕೊಡಲಾರೆ. ಅವನು ಬದುಕಿದ್ದರೆ ಇಷ್ಟು ಹೊತ್ತಿಗೆ ಹಲ್ಲುದುರಿದ ಮುದುಕ. ಹುಡುಕಿಕೊಂಡು ಹೋಗಿ ಚೆನ್ನಾಗಿ ಬೈಯುತ್ತಿದ್ದೆ, ಊರಿಗೆಲ್ಲ ಎಂದು ಕಾಯ್ದುಕೊಂಡಿದ್ದನ್ನು ನನ್ನೊಬ್ಬಳಿಗೆ ಸುರಿದೆಯಲ್ಲೋ ದಡ್ಡ ಎಂದು. ಬೈಯಬೇಕೆಂಬ ಆಸೆ ಎಷ್ಟಿದೆಯೆಂದರೆ, ಈ ಹಾಳೆ ಮುಗಿದರೂ ಎದ್ದು ಹೋಗಲು ಮನಸ್ಸಾಗುತ್ತಿಲ್ಲ.